ಮೇಲ್ತುಟಿಯ ಹದ್ದುಬಸ್ತು

ಮೂಗಿನ ಕೆಳಗೆ, ಮೇಲ್ತುಟಿಯ ಮೇಲೆ ಒಂದು ಸಣ್ಣ ತಗ್ಗಿದೆಯಲ್ಲ, ಅದನ್ನೊಮ್ಮೆ ಮುಟ್ಟಿ ನೋಡಿಕೊಳ್ಳಿ. ಹೆಚ್ಚೆಂದರೆ ಒಂದು ಕಡಲೆಕಾಯಿ ಬೀಜದಷ್ಟು ಉದ್ದ. ಚೀನೀ ಸೂಜಿ ವೈದ್ಯದ (ಅದೇ, ಅಕ್ಯುಪಂಕ್ಚರ್) ಪ್ರಕಾರ ಅಲ್ಲೊಂದು ಸೂಜಿ ಚುಚ್ಚುವ ಬಿಂದು ಇದೆ. ಹೆಸರು ರೆನ್‌ಜೋಂಗ್. ಯಾರಾದರೂ ಎಚ್ಚರ ತಪ್ಪಿ ಬಿದ್ದರೆ ಅಲ್ಲಿ ಉಗುರಿನಿಂದ ಒತ್ತಬೇಕು ಅನ್ನುವುದು ಚೀನಾದಲ್ಲಿ ಅಜ್ಜಿಯಂದಿರಿಗೂ ಗೊತ್ತು. ಆದರೆ ಅದು ತಗ್ಗಿನ ನಟ್ಟ ನಡುವೆ ಇದೆಯೋ, ಮೇಲಿನಿಂದ ಮೂರನೇ ಒಂದು ಪಾಲಿನಲ್ಲಿ ಇದೆಯೋ?

ನಗಬೇಡಿ. ಇಂಥ ತಕರಾರು ಬಿಡಿಸಲು ವಿಶ್ವ ಆರೋಗ್ಯ ಸಂಸ್ಥೆ 2003ರಿಂದ ಮೂರು ವರ್ಷ ಸಭೆಯ ಮೇಲೆ ಸಭೆ ಸೇರಿಸಿತು. ಚೀನಾ, ಜಪಾನ್, ಕೊರಿಯಾದ ತಜ್ಞರು ನಕ್ಷೆ ಹಿಡಿದು ಕೂತರು. ಮೈಮೇಲೆ ಒಟ್ಟು 361 ಬಿಂದು. ಅದರಲ್ಲಿ 92 ಎಲ್ಲಿವೆ ಅನ್ನುವುದಕ್ಕೇ ಜಗಳ. 2006ರಲ್ಲಿ ಜಪಾನಿನ ತ್ಸುಕುಬಾದಲ್ಲಿ ಸಭೆ ಮುಗಿಯುವ ಹೊತ್ತಿಗೆ 86 ಬಗೆಹರಿದವು, ಆರು ಉಳಿದವು. ಮೇಲ್ತುಟಿಯದ್ದು ಆ ಆರರಲ್ಲಿ ಒಂದು. ಅಂಗೈಯದ್ದು ಇನ್ನೊಂದು. ಅದು ಮಧ್ಯದ ಬೆರಳಿನ ಮೂಳೆಗೆ ಈ ಪಕ್ಕವೋ ಆ ಪಕ್ಕವೋ, ಇತ್ಯರ್ಥವಾಗಲಿಲ್ಲ. 2008ರಲ್ಲಿ ಪುಸ್ತಕ ಬಂತು. ಆ ಆರಕ್ಕೂ ‘ಇಲ್ಲಿದೆ, ಅಲ್ಲಿಯೂ ಇರಬಹುದು’ ಎಂದು ಎರಡೆರಡು ವಿಳಾಸ. ನಮ್ಮ ತಾಲ್ಲೂಕು ಸರ್ವೆ ಕಚೇರಿಯವರು ಹೀಗೆ ಹದ್ದುಬಸ್ತು ಮಾಡಿಕೊಟ್ಟಿದ್ದರೆ ಅಕ್ಕಪಕ್ಕದ ಜಮೀನಿನವರು ಮಚ್ಚು ಹಿಡಿದು ನಿಲ್ಲುತ್ತಿದ್ದರು.

ಅಳತೆಯ ಟೇಪೂ ಜಮೀನಿನ ಮಾಲೀಕನದ್ದೇ. ಇಲ್ಲಿನ ಅಂಗುಲ ಅಂದರೆ ರೋಗಿಯ ಸ್ವಂತ ಹೆಬ್ಬೆರಳಿನ ಅಗಲ. ಹೆಬ್ಬೆರಳು ಊದಿಕೊಂಡಿದ್ದರೆ ಏನು ಮಾಡುತ್ತಾರೋ ಕೇಳಬಾರದು.

ಈ ಬಿಂದುಗಳನ್ನು ಯಾರೂ ಮೈ ಸೀಳಿ ಹುಡುಕಿದ್ದಲ್ಲ. ‘ಚೀ’ ಅನ್ನುವ ಶಕ್ತಿ (ಬೈಗುಳ ಅಲ್ಲ, ಅದರ ಹೆಸರೇ ಹಾಗೆ) ಸಾಲುಗಳಲ್ಲಿ ಹರಿಯುತ್ತದೆ, ಸಾಲಿನ ಮೇಲೆ ಅಲ್ಲಲ್ಲಿ ಬಿಂದುಗಳಿವೆ ಅನ್ನುವುದು ಸಿದ್ಧಾಂತ. ಎಷ್ಟು ಸಾಲು? ಚಾಂಗ್‌ಶಾ ಊರಿನ ಮಾವಾಂಗ್‌ದ್ವೇಯಲ್ಲಿ ಕ್ರಿಸ್ತಪೂರ್ವ 168ರ ಒಂದು ಸಮಾಧಿ ಇದೆ. 1973ರಲ್ಲಿ ಅದನ್ನು ತೆಗೆದಾಗ ರೇಷ್ಮೆಯ ಮೇಲೆ ಬರೆದ ವೈದ್ಯ ಬರಹಗಳು ಸಿಕ್ಕವು. ಅದರಲ್ಲಿ ಹನ್ನೊಂದು ಸಾಲು. ಬಿಂದುಗಳ ಸುದ್ದಿಯಿಲ್ಲ, ಸೂಜಿಯೂ ಇಲ್ಲ. ಆಮೇಲೆ ಸಾಲು ಹನ್ನೆರಡಾಯಿತು. ವರ್ಷಕ್ಕೆ ತಿಂಗಳು ಹನ್ನೆರಡು, ದೇಶದ ದೊಡ್ಡ ನದಿಗಳೂ ಹನ್ನೆರಡು, ಮೈಯೊಂದು ಹಿಂದೆ ಬೀಳಬಹುದೇ? ಬಿಂದುಗಳಿಗೂ ಅದೇ ಲೆಕ್ಕ. ವರ್ಷಕ್ಕೆ 365 ದಿನ, ಹಾಗಾಗಿ ಬಿಂದುಗಳೂ 365 ಎಂದು ಹಳೆಯ ಗ್ರಂಥ ಮೊದಲೇ ಸಾರಿಬಿಟ್ಟಿತು. ಪಟ್ಟಿ ಮಾಡಲು ಹೋದವರಿಗೆ ಮಾತ್ರ ಅಷ್ಟು ಸಿಗಲಿಲ್ಲ. 3ನೇ ಶತಮಾನದಲ್ಲಿ ಹುವಾಂಗ್‌ಫು ಮಿ ಅನ್ನುವ ವೈದ್ಯ 349 ಬರೆದ. 1026ರಲ್ಲಿ ವಾಂಗ್ ವೈಯಿ 354ಕ್ಕೆ ಏರಿಸಿದ. ಈಗ 361. ಇನ್ನೂ ನಾಲ್ಕು ದಿನ ರಜೆ.

ವಾಂಗ್ ವೈಯಿ ಮಾತ್ರ ಗಟ್ಟಿ ಆಸಾಮಿ. ಚೀನಾದ ಸಾಂಗ್ ವಂಶದ ದೊರೆಯ ಅಪ್ಪಣೆಯಂತೆ 1027ರಲ್ಲಿ ಆಳೆತ್ತರದ ಕಂಚಿನ ಮನುಷ್ಯನನ್ನು ಎರಕ ಹೊಯ್ಯಿಸಿದ. ಮೈತುಂಬ ಬಿಂದುಗಳ ತೂತು. ಪರೀಕ್ಷೆಯ ದಿನ ಹೊರಗೆ ಮೇಣ ಬಳಿದು ತೂತು ಮುಚ್ಚುವುದು, ಒಳಗೆ ನೀರು ತುಂಬುವುದು. ವಿದ್ಯಾರ್ಥಿ ಸೂಜಿ ಚುಚ್ಚಬೇಕು. ಸರಿಯಾದ ಜಾಗ ಸಿಕ್ಕಿದರೆ ನೀರು ಚಿಮ್ಮುತ್ತದೆ, ಹುಡುಗ ಪಾಸು. ನಮ್ಮ ಪಂಕ್ಚರ್ ಅಂಗಡಿಯವನು ಟ್ಯೂಬನ್ನು ನೀರಿಗೆ ಅದ್ದಿ ತೂತು ಹುಡುಕುತ್ತಾನಲ್ಲ, ಇದು ಅದರ ಉಲ್ಟಾ. ಇಲ್ಲಿ ಪಂಕ್ಚರ್ ಆದರೇ ಡಿಗ್ರಿ.

ಸಾಲುಗಳಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು ಸಾನ್‌ಜಿಯಾವ್‌ನದ್ದು. ಅದೊಂದು ಅಂಗ. ಅದಕ್ಕೆ ಹೆಸರಿದೆ, ಆಕಾರವಿಲ್ಲ ಎಂದು ಅವರ ಹಳೆಯ ಗ್ರಂಥವೇ ಒಪ್ಪಿಕೊಂಡಿದೆ. ಆದರೂ ಅದರ ಹೆಸರಿನಲ್ಲಿ ಬೆರಳ ತುದಿಯಿಂದ ಹುಬ್ಬಿನ ತನಕ 23 ಬಿಂದುಗಳ ಒಂದು ಸಾಲು ಓಡುತ್ತದೆ. ಊರೇ ಇಲ್ಲ, ಬಸ್ಸಿಗೆ ಮಾತ್ರ 23 ಸ್ಟಾಪು. 2019ರಲ್ಲಿ ಒಪ್ಪಿಗೆಯಾದ ರೋಗಗಳ ಅಂತಾರಾಷ್ಟ್ರೀಯ ಪಟ್ಟಿಯಲ್ಲಿ ಈ ಸಾಲಿನ ತೊಂದರೆಗೂ ಒಂದು ಕೋಡ್ ನಂಬರು ಸಿಕ್ಕಿತು. ಆಕಾರ ಇಲ್ಲದಿದ್ದರೇನು, ದಾಖಲೆ ಇದ್ದರೆ ಸಾಕಲ್ವಾ?

ಕುದುರೆಗಳ ಕಥೆ ಇನ್ನೂ ಚೆನ್ನಾಗಿದೆ. ಮನುಷ್ಯನ ನಕ್ಷೆಯನ್ನು ಹಾಗೇ ಎತ್ತಿ ಕುದುರೆಯ ಮೇಲೆ ಹೊದಿಸಿದವರಿದ್ದಾರೆ. ಆ ನಕ್ಷೆಯಲ್ಲಿ ಪಿತ್ತಕೋಶದ ಸಾಲು ಜೋರಾಗಿಯೇ ಇದೆ. ಕುದುರೆಗೆ ಪಿತ್ತಕೋಶವೇ ಇಲ್ಲ. ಪಾಪ, ಅದನ್ನು ಯಾರೂ ಕೇಳಲಿಲ್ಲ.

ಸರಿ, ಬೇನೆ ಕಮ್ಮಿಯಾಗುತ್ತದಲ್ಲ ಅನ್ನುತ್ತೀರಿ. ಜರ್ಮನಿಯವರೂ ಹಾಗೇ ಅಂದು ಪರೀಕ್ಷೆಗೇ ಇಳಿದರು. ಸೊಂಟನೋವಿನ 1162 ಜನರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ನಕ್ಷೆಯ ಪ್ರಕಾರ ಸೂಜಿ. ಇನ್ನೊಂದಕ್ಕೆ ಬೇಕಂತಲೇ ಬಿಂದು ತಪ್ಪಿಸಿ, ಮೇಲೆ ಮೇಲೆ ಸುಮ್ನೆ ಚುಚ್ಚಿದರು. ಮೂರನೆಯದಕ್ಕೆ ಮಾಮೂಲಿ ಮಾತ್ರೆ, ವ್ಯಾಯಾಮ. 2007ರಲ್ಲಿ ಫಲಿತಾಂಶ ಅಚ್ಚಾಯಿತು. ಆರು ತಿಂಗಳ ನಂತರ ಗುಣ ಕಂಡವರು ಸರಿಯಾದ ಜಾಗದಲ್ಲಿ ಚುಚ್ಚಿಸಿಕೊಂಡವರಲ್ಲಿ 47.6 ಶೇಕಡಾ, ತಪ್ಪು ಜಾಗದವರಲ್ಲಿ 44.2, ಮಾತ್ರೆಯವರಲ್ಲಿ 27.4. ಅಂದರೆ ಯಾರೋ ಒಬ್ಬರು ಪಕ್ಕದಲ್ಲಿ ಕೂತು, ಗಮನ ಕೊಟ್ಟು, ಶ್ರದ್ಧೆಯಿಂದ ಚುಚ್ಚಿದರೆ ನೋವು ಇಳಿಯುತ್ತದೆ. ಎಲ್ಲಿ ಚುಚ್ಚಿದರು ಅನ್ನುವುದು ಸೊಂಟಕ್ಕೆ ಅಷ್ಟಾಗಿ ತಿಳಿಯುವುದಿಲ್ಲ.

ತ್ಸುಕುಬಾದಲ್ಲಿ ಮೇಲ್ತುಟಿ ಅಳೆಯುತ್ತಿದ್ದ ಅದೇ 2006ರಲ್ಲಿ ಜರ್ಮನಿಯ ಸರ್ಕಾರಿ ವಿಮೆಯ ಸಮಿತಿ ಒಂದು ತೀರ್ಮಾನ ಮಾಡಿತು. ಹಳೆಯ ಸೊಂಟನೋವಿಗೆ ಮತ್ತು ಮಂಡಿ ಸವೆತಕ್ಕೆ ಸೂಜಿಯ ಖರ್ಚು ಇನ್ನು ವಿಮೆಯದ್ದು. ಷರತ್ತು ಮಾತ್ರ ಬಿಗಿ. ಚುಚ್ಚುವ ಡಾಕ್ಟರು ಅಕ್ಯುಪಂಕ್ಚರ್‌ನಲ್ಲಿ ಪ್ರತ್ಯೇಕ ತರಬೇತಿ ಮುಗಿಸಿ, ಬಿಂದುಗಳನ್ನು ಕಲಿತು, ಪ್ರಮಾಣಪತ್ರ ಇಟ್ಟುಕೊಂಡಿರಬೇಕು. ಕಂಡಕಂಡಲ್ಲಿ ಚುಚ್ಚುವಂತಿಲ್ಲ!

ಆ ಕಂಚಿನ ಮನುಷ್ಯನನ್ನು ಈ ಪರೀಕ್ಷೆಗೆ ಕರೆಯಬೇಕಿತ್ತು. ತಪ್ಪು ಜಾಗದಲ್ಲಿ ಸೂಜಿ ಬಿದ್ದರೆ ಅವನು ಒಂದು ಹನಿಯನ್ನೂ ಬಿಡುತ್ತಿರಲಿಲ್ಲ.