ಹಪ್ಪಳ ರಕ್ಷಕ

ಕಳೆದ ಮೇ ತಿಂಗಳ ಒಂದು ಭಾನುವಾರ ನಾನು ನೂರಿಪ್ಪತ್ತು ಹಲಸಿನ ಹಪ್ಪಳಗಳನ್ನು ಕಾಪಾಡಿದೆ. ಹಪ್ಪಳಗಳಿಗೆ ಅದು ಬೇಕಿರಲಿಲ್ಲ.

ಶುರುವಾದದ್ದು ಒಂದು ಬಾತುಕೋಳಿಯಿಂದ. ರಜೆಗೆ ಬಂದಿದ್ದ ಒಂಬತ್ತು ವರ್ಷದ ಅಳಿಯ ಬೆಳಿಗ್ಗೆ ಮೊಬೈಲಿನಲ್ಲಿ ಹಳೆಯ ಕಾರ್ಟೂನ್ ನೋಡುತ್ತಿದ್ದ. ನಾನೂ ದೋಸೆ ತಟ್ಟೆ ಹಿಡಿದುಕೊಂಡು ಪಕ್ಕದಲ್ಲಿ ಕೂತೆ. 1956ರ ‘ಸ್ಟುಪರ್ ಡಕ್’. ಸೂಪರ್‌ಮ್ಯಾನ್‌ನನ್ನು ಗೇಲಿ ಮಾಡುವ ಕೆಲವೇ ನಿಮಿಷದ ಚಿತ್ರ. ಡ್ಯಾಫಿ ಡಕ್ ಅದರಲ್ಲಿ ಪತ್ರಿಕೆಯೊಂದರ ಸಾಧು ವರದಿಗಾರ. ಸಂಪಾದಕರ ಕೋಣೆಯಿಂದ ಒಬ್ಬ ದುಷ್ಟ ಅಬ್ಬರಿಸುವುದು ಅವನ ಕಿವಿಗೆ ಬೀಳುತ್ತದೆ. ಅದು ಟಿವಿ ಧಾರಾವಾಹಿಯ ಖಳನಾಯಕನ ಡೈಲಾಗು. ಇವನಿಗದು ಗೊತ್ತಿಲ್ಲ. ಬಟ್ಟೆ ಬದಲಿಸಿ ಹಾರಿಯೇ ಬಿಟ್ಟ. ಕಟ್ಟಡ ಬೀಳುತ್ತಿದೆ ಅಂತ ತಡೆಯಲು ಹೋದರೆ ಅದು ಬೇಕಂತಲೇ ಕೆಡವುತ್ತಿದ್ದ ಕಟ್ಟಡ. ಮುಳುಗುತ್ತಿರುವ ಹಡಗನ್ನು ಎತ್ತಿದರೆ ಅದು ಸಬ್‌ಮೆರೀನ್. ಮುಳುಗುವುದೇ ಅದರ ಕೆಲಸ.

ಅಳಿಯ ಬಿದ್ದು ಬಿದ್ದು ನಕ್ಕ. ಆಮೇಲೆ ಕೇಳಿದ, “ಮಾಮ, ವಿಲನ್ನೇ ಇಲ್ಲ ಅಂತ ಗೊತ್ತಾದ್ರೆ ಅವ ಮತ್ತೆ ಎಂತ ಮಾಡುದು?”

“ಆಫೀಸಿಗೆ ಹೋಗುದು.”

“ಅಷ್ಟೆಯಾ?”

ಅಷ್ಟೆ ಅಂದೆ. ಆದರೆ ಅವನ ಆ ‘ಅಷ್ಟೆಯಾ’ ದೋಸೆಯ ಜೊತೆ ಗಂಟಲಲ್ಲಿ ಸಿಕ್ಕಿಕೊಂಡಿತು. ನಾನೂ ಇಪ್ಪತ್ತು ವರ್ಷದಿಂದ ಆಫೀಸಿಗೆ ಹೋಗುವವನೇ ಅಲ್ವಾ?

ಹನ್ನೊಂದು ಗಂಟೆಗೆ ಟಿವಿ ಹಾಕಿದೆ. ಕರಾವಳಿಗೆ ರೆಡ್ ಅಲರ್ಟ್ ಅಂತ ಒಬ್ಬರು ಕಿರುಚುತ್ತಿದ್ದರು. ಹಿಂದೆ ಯಾವುದೋ ಊರಿನ ನೆರೆಯಲ್ಲಿ ಯಾರದೋ ಕಾರು ತೇಲಿ ಹೋಗುತ್ತಿತ್ತು. ಹೊರಗೆ ಬಂದು ನೋಡಿದರೆ ಪಡುವಣಕ್ಕೆ, ಮಲ್ಪೆ ಕಡಲಿನ ಕಡೆ ಒಂದು ಕಪ್ಪು ಮೋಡ. ಕೆಳಗೆ ಆಚೆಮನೆ ಅಕ್ಕನ ಅಂಗಳದಲ್ಲಿ ಚಾಪೆ ತುಂಬ ಹಪ್ಪಳ. ಹತ್ತಿರ ಒಂದು ನರಪಿಳ್ಳೆ ಇಲ್ಲ. ಹೆಗಲ ಮೇಲೆ ಬೈರಾಸು, ಅಂದರೆ ಟವೆಲು, ಇತ್ತು. ಕಾಂಪೌಂಡ್ ಹಾರಿದೆ.

ಈ ಹಾರುವ ವಿಷಯದಲ್ಲಿ ಒಂದು ಮಾತು. 1938ರಲ್ಲಿ ಕಾಮಿಕ್ಸಿನಲ್ಲಿ ಹುಟ್ಟಿದಾಗ ಸೂಪರ್‌ಮ್ಯಾನ್‌ಗೆ ಆಕಾಶದಲ್ಲಿ ಹಾರಲು ಬರುತ್ತಿರಲಿಲ್ಲ, ಬರೀ ನೆಗೆಯುತ್ತಿದ್ದ. 1941ರಲ್ಲಿ ಅವನ ಕಾರ್ಟೂನ್ ಮಾಡಲು ಹೊರಟವರಿಗೆ ಆ ಕುಪ್ಪಳಿಸುವಿಕೆ ತಮಾಷೆಯಾಗಿ ಕಂಡಿತಂತೆ. ಹಾಗಾಗಿ ಹಾರಿಸಿಬಿಟ್ಟರು. ಕನ್ನಡದಲ್ಲಿ ಆ ತಾಪತ್ರಯವೇ ಇಲ್ಲ. ನೆಗೆದರೂ ಹಾರಿದ ಅಂತಲೇ ಹೇಳುತ್ತೇವೆ. ನಾನು ಹಾರಿದ್ದೂ ಹಾಗೆಯೇ. ಬೈರಾಸು ದಾಸವಾಳದ ಗಿಡಕ್ಕೆ ಸಿಕ್ಕಿಕೊಂಡು ಅಲ್ಲೇ ಉಳಿಯಿತು.

ಎರಡೇ ನಿಮಿಷದಲ್ಲಿ ಹಪ್ಪಳ ಎಲ್ಲ ಬಾಚಿ, ಒಂದರ ಮೇಲೊಂದು ಪೇರಿಸಿ, ಜಗಲಿಗೆ ತಂದಿಟ್ಟೆ. ಅವು ಆ ದಿನವಷ್ಟೇ ಒತ್ತಿ ಹಾಕಿದ ಹಪ್ಪಳ. ಮೇಲೆ ಒಣಗಿದಂತೆ ಕಂಡರೂ ಅಡಿ ಇನ್ನೂ ಹಸಿ. ಪೇರಿಸಿದ್ದೇ ತಡ, ಒಂದಕ್ಕೊಂದು ಅಂಟಿ ಒಂದೇ ಹಪ್ಪಳವಾದವು. ಸುಮಾರು ಒಂದು ಅಡಿ ದಪ್ಪದ್ದು.

ಒಳಗೆ ಇನ್ನೊಂದು ಒಬ್ಬೆ ಹಿಟ್ಟು ಗುದ್ದುತ್ತಿದ್ದ ಅಕ್ಕ ಒನಕೆ ಹಿಡಿದೇ ಹೊರಗೆ ಬಂದರು.

“ಎಂತ ಮಾರಾಯ ನೀನು ಮಾಡಿದ್ದು?”

“ಮಳೆ ಬರ್ತದಲ್ಲ ಅಕ್ಕ. ಟಿವಿಯಲ್ಲಿ ಹೇಳಿದ್ರು.”

“ಎಲ್ಲುಂಟು ಮಳೆ?”

ಅಂಗಳದಲ್ಲಿ ಕಣ್ಣು ಬಿಡಲಾಗದಷ್ಟು ಬಿಸಿಲು. ಆ ಮೋಡ ಎತ್ತ ಹೋಯಿತೋ.

“ಈಗಿನ ಮಳೆ ಬರುದು ಘಟ್ಟದ ಕಡೆಯಿಂದ. ಅದೂ ಸಂಜೆಗೆ, ಗುಡುಗು ಹಾಕಿಕೊಂಡು. ಪಡುವಣದಿಂದ ಬರ್ಲಿಕ್ಕೆ ಇದೇನು ಆಟಿ ತಿಂಗಳ ಮಳೆಗಾಲವಾ?” ಅಂದವರು ಒನಕೆ ಗೋಡೆಗೆ ಒರಗಿಸಿ, “ಉತ್ತರನ ಪೌರುಷ ಒಲೆಯ ಮುಂದೆ ಅಂತಾರೆ. ನಿನ್ನದು ಹಪ್ಪಳದ ಮುಂದೆ” ಎಂದರು.

ಇದು ಮಾತ್ರ ನನಗೆ ಸರಿ ಕಾಣಲಿಲ್ಲ. ಉತ್ತರಕುಮಾರನ ಎದುರು ನಿಜವಾದ ಕೌರವ ಸೇನೆಯೇ ನಿಂತಿತ್ತು. ನೋಡಿದ, ಹೆದರಿದ, ರಥದಿಂದ ಹಾರಿ ಓಡಿದ. ಅಲ್ಲಿ ವೈರಿ ಇದ್ದಾನೆ, ಧೈರ್ಯ ಇಲ್ಲ. ಬಾತುಕೋಳಿಗೆ ಧೈರ್ಯ ಬೇಕಾದಷ್ಟುಂಟು, ವೈರಿಯೇ ಇಲ್ಲ. ಯಕ್ಷಗಾನದ ಆಟದಲ್ಲಿ ಉತ್ತರ ಓಡುವಾಗ ನಾವು ನಿಶ್ಚಿಂತೆಯಿಂದ ನಗುತ್ತೇವೆ, ಯಾಕೆಂದರೆ ಹಿಂದಿನಿಂದ ಬೃಹನ್ನಳೆ ಬಂದು ಹಿಡಿಯುತ್ತಾಳೆ ಅಂತ ಗೊತ್ತು. ಕೊನೆಗೆ ಅವನಿಗೆ ಸಾರಥಿಯ ಕೆಲಸವಾದರೂ ಸಿಗುತ್ತದೆ. ಇಲ್ಲದ ವೈರಿಯ ಹಿಂದೆ ಹೊರಟವನನ್ನು ಹಿಡಿದು ತರುವವರು ಯಾರು? ಹಿಡಿದು ತಂದರೂ ಅವನಿಗೆ ಕೊಡುವ ಕೆಲಸ ಯಾವುದು?

ಅಕ್ಕ ಕೊಟ್ಟರು. “ಅಂಟಿದ್ದನ್ನೆಲ್ಲ ಪುನಃ ಉಂಡೆ ಮಾಡಿ ಒತ್ತುತ್ತೇನೆ. ನೀನು ಇಲ್ಲಿ ಕೂತು ಕಾಗೆ ಓಡಿಸು” ಅಂತ ಒಂದು ಉದ್ದ ಕೋಲು ಕೈಗಿತ್ತರು. ನಮ್ಮ ಕಡೆ ಇದು ಎಂಟು ಹತ್ತು ವರ್ಷದ ಮಕ್ಕಳಿಗೆ ಮೀಸಲಾದ ಹುದ್ದೆ. ಸಂಬಳ ಒಂದುಂಡೆ ಹಪ್ಪಳದ ಹಿಟ್ಟು, ಮೇಲೆ ಸ್ವಲ್ಪ ತೆಂಗಿನೆಣ್ಣೆ. ನಲವತ್ತಾರರಲ್ಲಿ ನನಗೂ ಅದೇ ಸಂಬಳ ಸಿಕ್ಕಿತು. ಆ ಹಿಟ್ಟಿನ ರುಚಿ ಹಪ್ಪಳಕ್ಕೂ ಇಲ್ಲ ಬಿಡಿ.

ಅಳಿಯ ಗಿಡದಿಂದ ಬೈರಾಸು ಬಿಡಿಸಿ ತಂದು ನನ್ನ ಕುತ್ತಿಗೆಗೆ ಹಿಂದಿನಿಂದ ಕಟ್ಟಿದ. ಇಬ್ಬರೂ ಜಗಲಿಯಲ್ಲಿ ಕೂತೆವು. ಹನ್ನೆರಡಾಯಿತು, ಒಂದಾಯಿತು. ದಿನಾ ಬೆಳಿಗ್ಗೆ ಕಿವಿ ತಿನ್ನುವ ಕಾಗೆಗಳಲ್ಲಿ ಒಂದೂ ಇತ್ತ ಸುಳಿಯಲಿಲ್ಲ. ಕೋಲು ಬಲಗೈಯಿಂದ ಎಡಗೈಗೆ ಬಂತು, ಮತ್ತೆ ಬಲಗೈಗೆ ಹೋಯಿತು. ನಾನು ಕೂತರೂ ಒಣಗುವ ಹಪ್ಪಳ, ಕೂರದಿದ್ದರೂ ಒಣಗುವ ಹಪ್ಪಳ.

“ಮಾಮ, ಕಾಗೆ ಬರುದೇ ಇಲ್ವಾ?”

“ಬರ್ತದೆ. ಸುಮ್ನೆ ಕೂತ್ಕೋ.”

ಎರಡು ಗಂಟೆ ಹೊತ್ತಿಗೆ ತೆಂಗಿನ ಗರಿಯ ಮೇಲೆ ಒಂದು ಕಾಗೆ ಬಂದು ಕೂತಿತು. ಕತ್ತು ಓರೆ ಮಾಡಿ ಹಪ್ಪಳ ನೋಡಿತು, ಆಮೇಲೆ ನಮ್ಮನ್ನು ನೋಡಿತು. ಅಳಿಯ ನನ್ನ ಮೊಣಕೈ ಹಿಡಿದುಕೊಂಡ. ನಾನು ಕೋಲು ಎತ್ತಲಿಲ್ಲ. ಈಗಲೇ ಓಡಿಸಿದರೆ ಹೋಗಿಬಿಡುತ್ತದಲ್ಲ.