ಬೋಯಿಂಗ್ ತಲೆ, ಲಾಕ್‌ಹೀಡ್ ಬಾಲ

ಹಾರಿದ ವಿಮಾನದ ಪ್ಲಾಸ್ಟಿಕ್ ಮಾದರಿಯನ್ನು ಜೋಡಿಸುವವರು ಪುಣ್ಯವಂತರು. ಚಕ್ರದ ಬಾಗಿಲು ಎತ್ತ ತೆರೆಯುತ್ತದೆ, ಬಾಲದ ಪಟ್ಟೆ ಎಲ್ಲಿ ಮುಗಿಯುತ್ತದೆ ಎಂಬ ಸಂಶಯ ಬಂದರೆ ಒಂದು ಫೋಟೋ ನೋಡಿ ನೆಮ್ಮದಿಯಾಗಿರುತ್ತಾರೆ. ಎಂದೂ ಹುಟ್ಟದ ವಿಮಾನವನ್ನು ಮಾಡಹೊರಟವನಿಗೆ ಯಾವ ಸಾಕ್ಷಿಯೂ ಇಲ್ಲ. ‘ಹೇಗಿದ್ದರೂ ಸುಳ್ಳು ವಿಮಾನ, ಇಷ್ಟ ಬಂದ ಹಾಗೆ ಮಾಡಿ’ ಎನ್ನುವವರು ಸುಳ್ಳು ಹೇಳಿ ದಕ್ಕಿಸಿಕೊಂಡು ಗೊತ್ತಿಲ್ಲದವರು. ನಿಜ ಹೇಗಿದ್ದರೂ ನಡೆಯುತ್ತದೆ. ಸುಳ್ಳಿಗೆ ಕೀಲುಕೀಲಿಗೂ ಕಾರಣ ಬೇಕು.

ಬೇರೆ ಬೇರೆ ಕಿಟ್‌ಗಳ ತುಂಡುಗಳನ್ನು ಬೆರೆಸಿ, ಯಾವ ಪೆಟ್ಟಿಗೆಯ ಮೇಲೂ ಚಿತ್ರವಿಲ್ಲದ್ದನ್ನು ಕಟ್ಟುವ ಈ ಚಟಕ್ಕೆ ಕಿಟ್‌ಬ್ಯಾಷಿಂಗ್ ಎನ್ನುತ್ತಾರೆ. ಸಿನಿಮಾದ ಅಂತರಿಕ್ಷ ನೌಕೆಗಳ ಮೈಗೆ ಟ್ಯಾಂಕ್ ಕಿಟ್‌ಗಳ ಚೂರುಪಾರು ಅಂಟಿಸುತ್ತಿದ್ದವರೂ ಇದೇ ಕುಲದವರು. ಆದರೆ ಅವರದು ಸುಖದ ಕೆಲಸ. ನಕ್ಷತ್ರಗಳಾಚೆಯ ನೌಕೆಗೆ ಲೆಕ್ಕ ಕೇಳುವವರು ಯಾರು? ಪ್ರಯಾಣಿಕರ ವಿಮಾನವಾದರೆ ನೋಡಿದವರೆಲ್ಲ ಅದರಲ್ಲಿ ಒಮ್ಮೆಯಾದರೂ ಕುಳಿತವರು.

ನಾನು ಆರಿಸಿಕೊಂಡದ್ದು ಮೂರು ಎಂಜಿನ್‌ಗಳ ಬೋಯಿಂಗ್ 747. ಈ ಕಲ್ಪನೆ ಪೂರ್ತಿ ನನ್ನದಲ್ಲ. 1970ರ ದಶಕದಲ್ಲಿ ಡಿಸಿ-10, ಲಾಕ್‌ಹೀಡ್ ಟ್ರೈಸ್ಟಾರ್‌ಗಳು ಮೂರೇ ಎಂಜಿನ್‌ಗಳಲ್ಲಿ ದೂರ ಹಾರತೊಡಗಿದಾಗ, 747ನ್ನು ಗಿಡ್ಡ ಮಾಡಿ ಒಂದು ಎಂಜಿನ್ನನ್ನು ಬಾಲಕ್ಕೇರಿಸಿದರೆ ಹೇಗೆ ಎಂದು ಬೋಯಿಂಗ್‌ನವರೇ ಯೋಚಿಸಿದ್ದರು. ರೆಕ್ಕೆಯನ್ನೂ ಹೊಸದಾಗಿ ರೂಪಿಸಬೇಕಾದೀತೆಂದು ತಿಳಿದಾಗ ಕೈಬಿಟ್ಟರು. ಬದಲಿಗೆ ನಾಲ್ಕು ಎಂಜಿನ್‌ಗಳನ್ನೂ ಉಳಿಸಿಕೊಂಡು ಮೈಯನ್ನಷ್ಟೇ ಮೊಟಕುಗೊಳಿಸಿದ 747ಎಸ್‌ಪಿ 1975ರಲ್ಲಿ ಹಾರಿತು. ತಯಾರಾದದ್ದು 45 ಮಾತ್ರ. ಸಿಯಾಟಲ್‌ನಲ್ಲಿ ದುಬಾರಿಯೆಂದು ಬಿಟ್ಟದ್ದನ್ನು ನಮ್ಮ ಮನೆಯ ಊಟದ ಮೇಜಿನ ಮೇಲೆ ಮಾಡಿ ಮುಗಿಸುವ ಹಟ ನನ್ನದು.

ಪ್ರಯಾಣಿಕ ವಿಮಾನದ ಕಿಟ್‌ಗಳು ಬಹುತೇಕ 1/144 ಅಳತೆಯವು. ಆರಡಿಯ ಮನುಷ್ಯ ಅದರಲ್ಲಿ ಅರ್ಧ ಅಂಗುಲ. 70 ಮೀಟರ್ ದಾಟುವ 747 ಸುಮಾರು 49 ಸೆಂಟಿಮೀಟರ್ ಆಗುತ್ತದೆ. ಎಸ್‌ಪಿಯಷ್ಟು ಗಿಡ್ಡವಾಗಬೇಕಾದರೆ ಅದರಲ್ಲಿ ಹತ್ತು ಸೆಂಟಿಮೀಟರ್ ಹೋಗಬೇಕು. ಎಲ್ಲಿಂದ? ಇಲ್ಲಿಂದ ಶುರು ನೋಡಿ ಸುಳ್ಳಿನ ಸಂಕಟ. ಭಾರದ ಎಂಜಿನ್ ಬಾಲಕ್ಕೆ ಹೋದರೆ ವಿಮಾನದ ತೂಕದ ಕೇಂದ್ರ ಹಿಂದೆ ಸರಿಯುತ್ತದೆ. ರೆಕ್ಕೆಯೂ ಅದರ ಬೆನ್ನು ಹತ್ತಿ ಹಿಂದೆ ಸರಿಯಬೇಕು. ಎಂದರೆ ಮುಂಭಾಗದಿಂದ ಕಡಿಮೆ ಕತ್ತರಿಸಿ ಹಿಂಭಾಗದಿಂದ ಹೆಚ್ಚು ಕತ್ತರಿಸಬೇಕು. ಹಾಗೆ ಮಾಡಿದರೆ ರೆಕ್ಕೆಗೂ ಬಾಲಕ್ಕೂ ನಡುವಿನ ಅಂತರ ಕುಗ್ಗಿ, ಬಾಲದ ಹಿಡಿತ ಸಾಲದಾಗುತ್ತದೆ. ಬಾಲವನ್ನು ದೊಡ್ಡದು ಮಾಡಬೇಕು. ಎಸ್‌ಪಿಯ ಬಾಲ ಎತ್ತರವಾದದ್ದೂ ಇದೇ ಕಾರಣಕ್ಕೆ. ಬಾಲ ದೊಡ್ಡದಾದರೆ ತೂಕ ಮತ್ತೆ ಹಿಂದಕ್ಕೆ! ಈ ಸುತ್ತಿನಲ್ಲಿ ಸಿಕ್ಕಿಕೊಂಡು ಗರಗಸ ಹಿಡಿದು ಕುಳಿತಾಗ, ಬೋಯಿಂಗ್ ಎಂಜಿನಿಯರುಗಳ ಮೇಲೆ ಅನುಕಂಪ ಹುಟ್ಟುತ್ತದೆ. ಮಾದರಿಯಂತೂ ಬಾಲ ಊರಿ ಕೂರುವ ಜಾತಿ. ಅದರ ಮೂಗಿನೊಳಗೆ ಸೀಸದ ಗುಂಡು ತುಂಬಿ ನಿಲ್ಲಿಸಬಹುದು. ಅವರಿಗೆ ಆ ಅನುಕೂಲವಿರಲಿಲ್ಲ.

ಬಾಲವನ್ನು ಏರ್‌ಫಿಕ್ಸ್‌ನ ಟ್ರೈಸ್ಟಾರ್ ಕಿಟ್‌ನಿಂದ ತೆಗೆದೆ. ಡಿಸಿ-10ರ ಮೂರನೆಯ ಎಂಜಿನ್ ಬಾಲದ ಫಲಕದ ಬುಡದಲ್ಲಿ ನೇರವಾಗಿ ನೆಟ್ಟ ಕೊಳವೆ. ನನ್ನ ಕಣ್ಣಿಗೆ ಅದು ಆಮೇಲೆ ನೆನಪಾಗಿ ಸಿಕ್ಕಿಸಿದಂತೆ ಕಾಣುತ್ತದೆ. ಟ್ರೈಸ್ಟಾರ್‌ನಲ್ಲಿ ಗಾಳಿ ಮೇಲಿನ ಬಾಯಿಂದ ನುಗ್ಗಿ, ಬಳುಕಿ ಇಳಿದು, ಮೈಯ ತುದಿಯಲ್ಲಿರುವ ಎಂಜಿನ್ನನ್ನು ಸೇರುತ್ತದೆ. ಚೆಂದವೆಂದರೆ ಅದು. ತೊಡಕೆಂದರೆ 747ರ ಮೈ ಸುಮಾರು 6.5 ಮೀಟರ್ ಅಗಲ, ಟ್ರೈಸ್ಟಾರ್‌ದು 6 ಮೀಟರ್‌ಗೆ ಸ್ವಲ್ಪ ಕಡಿಮೆ. ಮಾದರಿಯಲ್ಲಿ ಮೂರೂವರೆ ಮಿಲಿಮೀಟರ್ ವ್ಯತ್ಯಾಸ. 747ರ ಮೈ ಹಿಂದಕ್ಕೆ ಸಣ್ಣಗಾಗುತ್ತ ಹೋಗುವ ಕಡೆ, ಎರಡೂ ಸರಿಸಮವಾಗುವ ಜಾಗವನ್ನು ಹುಡುಕಿ ಕತ್ತರಿಸಬೇಕು. ಉಳಿದ ಉಬ್ಬುತಗ್ಗುಗಳನ್ನು ಪುಟ್ಟಿಯೂ ಎಮರಿ ಪೇಪರೂ ನೋಡಿಕೊಳ್ಳುತ್ತವೆ. ಪುಟ್ಟಿ ಒಣಗಿದ ಮೇಲೆ ಕುಗ್ಗುತ್ತದೆ, ಮತ್ತೆ ಬಳಿಯಬೇಕು. ಬೂದು ಪ್ರೈಮರ್ ಹೊಡೆದಾಗ, ಬೆರಳಿಗೆ ಸಿಗದ ಗೆರೆಯೂ ಚಾಡಿ ಹೇಳುತ್ತದೆ.

ಈ ಹಂತದಲ್ಲಿ ಅತ್ತೆಯವರು ಬಂದು ಮೇಜಿನ ಮೇಲಿದ್ದ ರುಂಡಮುಂಡಗಳನ್ನು ನೋಡಿದರು. “ಎರಡು ಸೀರೆ ಕತ್ತರಿಸಿ ಒಂದು ರವಿಕೆ ಹೊಲಿದ ಹಾಗಾಯಿತಲ್ಲಪ್ಪ,” ಎಂದರು. ಹಣದ ಲೆಕ್ಕದಲ್ಲಿ ಅದಕ್ಕೆ ಉತ್ತರವಿಲ್ಲ.

ಬಣ್ಣಕ್ಕೆ ಏರ್ ಇಂಡಿಯಾ. 1971ರಲ್ಲಿ ಬಂದ ‘ಎಂಪರರ್ ಅಶೋಕ’ನ ಕಿಟಕಿಗಳ ಸುತ್ತ ಕೆಂಪು ಝರೋಕಾ ಬರೆದಿದ್ದರಲ್ಲ, ಅದಕ್ಕಿಂತ ಚೆಲುವಾದ ಬಣ್ಣವನ್ನು ಯಾವ 747ರ ಮೇಲೂ ನಾನು ಕಂಡಿಲ್ಲ. ಎರಡು ಕಾಂಕಾರ್ಡ್‌ಗಳಿಗೆ ಹಕ್ಕು ಕಾಯ್ದಿರಿಸಿಕೊಂಡಿದ್ದ ಸಂಸ್ಥೆ ಅದು. ನನ್ನ ಮೂರೆಂಜಿನ್ನಿನದನ್ನು ಕೊಳ್ಳದೆ ಇರುತ್ತಿತ್ತೆ? ಎಲ್ಲೂ ಇಳಿಯದೆ ಬಾಂಬೆಯಿಂದ ನ್ಯೂಯಾರ್ಕ್‌ಗೆ ಹಾರಿಸಬೇಕೆಂದು ಮೊದಲು ಆಸೆಪಟ್ಟೆ. ಆದರೆ ಅದು ಸುಮಾರು 12,500 ಕಿಲೋಮೀಟರ್. ದೂರದ ಹಾರಾಟಕ್ಕೆಂದೇ ಹುಟ್ಟಿದ ಎಸ್‌ಪಿಗೂ ತುಂಬಿದ ಪ್ರಯಾಣಿಕರೊಂದಿಗೆ ಅದು ಅಳವಲ್ಲ. ಕಥೆಯಲ್ಲೂ ಇಂಧನ ಮುಗಿಯುತ್ತದೆ. ಲಂಡನ್‌ಗೆ ತೃಪ್ತಿಪಟ್ಟೆ.

ಬಾಲವನ್ನು ಇನ್ನೂ ಅಂಟಿಸದೆ ಬರಿದೇ ಜೋಡಿಸಿಟ್ಟಿದ್ದಾಗ, ವಿಮಾನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಕೆಳಮನೆಯ ಹಿರಿಯರೊಬ್ಬರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ಹೊಗಳುತ್ತಾರೆಂದು ಕಾದೆ.

“ಎಪಿಯು ಎಲ್ಲಿಟ್ಟಿರಿ ಸ್ವಾಮಿ?”

ವಿಮಾನ ನೆಲದಲ್ಲಿ ನಿಂತಿರುವಾಗ ವಿದ್ಯುತ್ತನ್ನೂ ಗಾಳಿಯನ್ನೂ ಒದಗಿಸುವ ಪುಟ್ಟ ಟರ್ಬೈನ್ ಅದು. 747ರಲ್ಲಿ ಅದರ ವಾಸ ಬಾಲದ ತುದಿಯಲ್ಲಿ, ಅಂದರೆ ನಾನು ಈಗಷ್ಟೇ ದೊಡ್ಡ ಎಂಜಿನ್ ತಂದು ಕೂರಿಸಿದ ಜಾಗದಲ್ಲಿ. ಮನೆಮಗನನ್ನು ಹೊರಗೆ ಹಾಕಿದವನಂತೆ ನಿಂತೆ. ಕೊನೆಗೆ ದಾರಿ ತೋರಿದ್ದು ಬೋಯಿಂಗ್‌ನದೇ 727. ಅದರ ಬಾಲದಲ್ಲೂ ಎಂಜಿನ್ ಇತ್ತು, ಹಾಗಾಗಿ ಎಪಿಯುವನ್ನು ಚಕ್ರದ ಗೂಡಿಗೆ ಸಾಗಿಸಿ, ಬಲರೆಕ್ಕೆಯ ಬುಡದಲ್ಲಿ ಹೊಗೆ ಬಿಟ್ಟಿದ್ದರು. ವಂಶದಲ್ಲಿ ಪೂರ್ವನಿದರ್ಶನವಿದೆ ಎಂದು ವಾದಿಸಿದೆ. ಹಿರಿಯರು ಅರ್ಧ ಮನಸ್ಸಿನಿಂದ ಒಪ್ಪಿದರು. ಬಲರೆಕ್ಕೆಯ ಬುಡದಲ್ಲಿ ಸಣ್ಣದೊಂದು ತೂತು ಕೊರೆದೆ.

ಈಗ ಡಬ್ಬಿಯಲ್ಲಿ ಬಾಲವಿಲ್ಲದ ಟ್ರೈಸ್ಟಾರ್ ಮತ್ತು ದಿಕ್ಕಿಲ್ಲದ 747ರ ಬಾಲ ಉಳಿದಿವೆ. ಎರಡನ್ನೂ ಹತ್ತಿರ ಹಿಡಿದರೆ ಎರಡೇ ಎಂಜಿನ್‌ಗಳ ಅಗಲ ಮೈಯ ವಿಮಾನವೊಂದು ಕಾಣಿಸುತ್ತದೆ, 1972ರಲ್ಲಿ ಏರ್‌ಬಸ್ ಎ300 ಹಾರಿದ ಹಾಗೆ. ಅತ್ತೆಯವರಿಗೆ ಎರಡನೆಯ ರವಿಕೆ ತೋರಿಸಬಹುದು. ಕೆಳಮನೆಯವರೂ ಈ ಸಲ ಬಾಯಿ ಬಿಡುವಂತಿಲ್ಲ: ಬೋಯಿಂಗ್ ಬಾಲದ ತುದಿಯಲ್ಲಿ ಎಪಿಯುವಿನ ತೂತು ಹುಟ್ಟಿನಿಂದಲೇ ಇದೆ.