ಅನಿಮೇಷನ್ ಕೋರ್ಸಿನ ರಸೀದಿಯಲ್ಲಿ ಜಿಎಸ್‌ಟಿ ಇದೆಯಾ, ಮೊದಲು ನೋಡಿ

ಹನ್ನೆರಡನೇ ಕ್ಲಾಸಿನ ರಿಸಲ್ಟ್ ಬಂದ ಕೂಡಲೇ ನನಗೆ ಫೋನ್ ಶುರುವಾಗುತ್ತದೆ. ಡೊಂಬಿವಲಿ, ಮುಲುಂಡ್, ಮೀರಾ ರೋಡ್, ಕೆಲವೊಮ್ಮೆ ಪುಣೆಯಿಂದಲೂ. ಎಲ್ಲರೂ ಇಲ್ಲಿ ನೆಲೆಸಿದ ನಮ್ಮ ಕನ್ನಡದವರೇ, ಕನ್ನಡ ಸಂಘದ ಕಾರ್ಯಕ್ರಮದಲ್ಲಿ ಯಾವಾಗಲೋ ಸಿಕ್ಕವರು, ಇಲ್ಲವೇ ಅವರ ಭಾವನ ಕಡೆಯವರು. "ಮಗನಿಗೆ ಅನಿಮೇಷನ್ ಮಾಡ್ಬೇಕಂತೆ ಮಾರಾಯ್ರೆ, ಕಡಿಮೆ ಫೀಸಿನ ಒಳ್ಳೆ ಕಾಲೇಜು ಯಾವುದುಂಟು?" ನಾನು ಮಲಾಡಿನ ಒಂದು ಸ್ಟುಡಿಯೋದಲ್ಲಿ ಕಂಪೋಸಿಟಿಂಗ್ (ಬೇರೆ ಬೇರೆ ದೃಶ್ಯಗಳನ್ನು ಒಂದೇ ಶಾಟ್ ಆಗಿ ಬೆಸೆಯುವ ಕೆಲಸ) ಮಾಡುವವನು, ಕರಿಯರ್ ಕೌನ್ಸೆಲರ್ ಅಲ್ಲ. ಆದರೂ ಹೇಳಿದ್ದನ್ನೇ ಹೇಳಿ ಹೇಳಿ ಸಾಕಾಗಿದೆ, ಹಾಗಾಗಿ ಇಲ್ಲಿ ಬರೆದುಬಿಡುತ್ತೇನೆ.

ನನ್ನ ಅಭಿಪ್ರಾಯ ಇಷ್ಟೇ. ಕಡಿಮೆ ಫೀಸಿನ ಅನಿಮೇಷನ್ ಕೋರ್ಸ್ ಹುಡುಕಬೇಡಿ, ಕಡಿಮೆ ಫೀಸಿನ ಡ್ರಾಯಿಂಗ್ ಕಾಲೇಜು ಹುಡುಕಿ. ಸಾಫ್ಟ್‌ವೇರನ್ನು ಮನೆಯಲ್ಲಿ ಕೂತು ಪುಕ್ಕಟೆ ಕಲಿಯಬಹುದು. ಕೈ ಮತ್ತು ಕಣ್ಣು ಪಳಗಲು ಮಾತ್ರ ಮೇಷ್ಟ್ರು ಬೇಕು, ಜೊತೆಗಾರರು ಬೇಕು, ಮೂರು ನಾಲ್ಕು ವರ್ಷ ಬೇಕು.

ಆದರೆ ಅಪ್ಪ ಅಮ್ಮ ಮೊದಲು ಹೋಗುವುದು ಎಲ್ಲಿಗೆ? ಸ್ಟೇಷನ್ ಪಕ್ಕದ ಕಟ್ಟಡದ ಎರಡನೇ ಮಹಡಿಯ ಇನ್‌ಸ್ಟಿಟ್ಯೂಟಿಗೆ. ಮುಂಬೈನ ಎಲ್ಲ ಉಪನಗರಗಳಲ್ಲೂ ಇಂಥದ್ದೊಂದು ಇದೆ. ಗೋಡೆ ತುಂಬಾ ಹಾಲಿವುಡ್ ಪೋಸ್ಟರ್, ತಣ್ಣಗಿನ ಎಸಿ, ಕೌನ್ಸೆಲರ್ ಮೇಡಂ ಚೆಂದವಾಗಿ ಮಾತಾಡುತ್ತಾರೆ. ಎರಡು ವರ್ಷದ ಕೋರ್ಸ್, ಮೂರೋ ನಾಲ್ಕೋ ಲಕ್ಷ, ಇವತ್ತೇ ಬುಕ್ ಮಾಡಿದರೆ ಇಷ್ಟು ಪರ್ಸೆಂಟ್ ಕಡಿಮೆ, ಸೀರೆ ಅಂಗಡಿಯ ಆಷಾಢದ ಸೇಲ್ ಹಾಗೆ. ನನ್ನ ಚಿಕ್ಕಮ್ಮನ ಮಗ ಇಂಥ ಒಂದು ಕಡೆ ಸೇರಿದ. ಹೆಸರು ಬೇಡ, ಬಿಡಿ. ಮಾಯಾ ಅನ್ನೋ 3ಡಿ ಸಾಫ್ಟ್‌ವೇರ್ ಕಲಿಸುತ್ತಿದ್ದವರು ಮಧ್ಯದಲ್ಲೇ ಕೆಲಸ ಬಿಟ್ಟರು, ಅವರ ಜಾಗಕ್ಕೆ ಬಂದವನು ಅಲ್ಲೇ ಹಿಂದಿನ ಬ್ಯಾಚಿನಲ್ಲಿ ಕಲಿತ ಹುಡುಗ. ಇವನಿಗೆ ಬೇಸರವಾಗಿ ಬಿಟ್ಟುಬಂದ. ಕ್ಲಾಸ್ ನಿಂತಿತು, ಕಂತು ನಿಲ್ಲಲಿಲ್ಲ. ಯಾಕೆಂದರೆ "ಬಡ್ಡಿ ಇಲ್ಲದ ಸುಲಭ ಕಂತು" ಅಂತ ಚಿಕ್ಕಪ್ಪನ ಸಹಿ ಹಾಕಿಸಿಕೊಂಡದ್ದು ಒಂದು ಫೈನಾನ್ಸ್ ಕಂಪನಿಯ ಸಾಲದ ಕಾಗದಕ್ಕೆ. ಇನ್‌ಸ್ಟಿಟ್ಯೂಟಿಗೆ ದುಡ್ಡು ಮೊದಲೇ ಸೇರಿತ್ತು, ಚಿಕ್ಕಪ್ಪ ಸಾಲಗಾರರಾಗಿದ್ದರು ಫೈನಾನ್ಸ್ ಕಂಪನಿಗೆ.

ಇದರಿಂದ ತಪ್ಪಿಸಿಕೊಳ್ಳಲು ಒಂದು ಸುಲಭದ ಉಪಾಯ ಇದೆ, ಯಾರೂ ಹೇಳುವುದಿಲ್ಲ. ಫೀಸಿನ ಎಸ್ಟಿಮೇಟ್ ಬರೆದುಕೊಡಲು ಹೇಳಿ. ಅದರಲ್ಲಿ 18% ಜಿಎಸ್‌ಟಿ ಇದ್ದರೆ ಅರ್ಥ ಏನು ಗೊತ್ತಾ? ಕಾನೂನು ಒಪ್ಪಿದ ಡಿಗ್ರಿ ಡಿಪ್ಲೊಮಾ ಕೊಡುವ ಶಿಕ್ಷಣಕ್ಕೆ ಜಿಎಸ್‌ಟಿ ಇಲ್ಲ. ಕೋಚಿಂಗ್, ಖಾಸಗಿ ಟ್ರೇನಿಂಗ್ ಇವಕ್ಕೆ ಇದೆ. ಅಂದರೆ ಮೂರು ಲಕ್ಷದ ಕೋರ್ಸಿಗೆ ನೀವು 54,000 ರೂಪಾಯಿ ತೆರಿಗೆ ಕಟ್ಟುತ್ತಿದ್ದೀರಿ, ಕೊನೆಗೆ ಕೈಗೆ ಬರುವುದು ಆ ಕಂಪನಿಯ ಸರ್ಟಿಫಿಕೇಟ್. ಅದು ಕೆಟ್ಟದ್ದು ಅಂತಲ್ಲ. ಆದರೆ ಅದನ್ನು ಡಿಗ್ರಿ ಅಂದುಕೊಂಡು ಕೊಳ್ಳಬೇಡಿ. ಬ್ಯಾಂಕಿನ ಶಿಕ್ಷಣ ಸಾಲಕ್ಕೂ ಇದೇ ತೊಡಕು. ಮಾನ್ಯತೆ ಇರುವ ಕಾಲೇಜಾದರೆ 4 ಲಕ್ಷದವರೆಗೆ ಅಡಮಾನ ಕೇಳುವುದಿಲ್ಲ, ಕೋರ್ಸ್ ಮುಗಿದ ಮೇಲೆ ಕಂತು ಶುರು. ಇಂಥ ಕಡೆಗೆ ಆ ಸಾಲ ಸಿಗುವುದೇ ಕಷ್ಟ. ಅದಕ್ಕೇ ಫೈನಾನ್ಸ್ ಕಂಪನಿಯ ಹುಡುಗ ಇನ್‌ಸ್ಟಿಟ್ಯೂಟಿನೊಳಗೇ ಟೇಬಲ್ ಹಾಕಿಕೊಂಡು ಕೂತಿರುತ್ತಾನೆ.

"ನಮ್ಮಲ್ಲಿ ಡಿಗ್ರಿಯೂ ಇದೆ ಸರ್, ಟೈ ಅಪ್ ಇದೆ" ಅನ್ನುತ್ತಾರೆ. ಸರಿ, ಯಾವ ವಿಶ್ವವಿದ್ಯಾಲಯ ಅಂತ ಕೇಳಿ. ಅದೇ ಡಿಗ್ರಿಗೆ ಅಲ್ಲಿಯೇ ನೇರ ಸೇರಿದರೆ ಫೀಸ್ ಎಷ್ಟು ಅಂತ ಅವರ ವೆಬ್‌ಸೈಟಿನಲ್ಲಿ ನೋಡಿ. ದೂರಶಿಕ್ಷಣವನ್ನು ಫ್ರಾಂಚೈಸಿ ಮೂಲಕ ನಡೆಸಲು ಯುಜಿಸಿ ನಿಯಮ ಬಿಡುವುದಿಲ್ಲ ಅನ್ನೋದೂ ನೆನಪಿರಲಿ.

ಈಗ ಕಾಲೇಜು. ಸರ್ ಜೆ.ಜೆ. ಸ್ಕೂಲ್ ಆಫ್ ಆರ್ಟ್ ನಮ್ಮ ವಿಟಿ ಸ್ಟೇಷನ್ ಪಕ್ಕದಲ್ಲೇ ಇದೆ, 1857ರಲ್ಲಿ ಶುರುವಾದದ್ದು. ಅಲ್ಲಿನ ಬಿಎಫ್‌ಎ ಅನ್ನೋ ಚಿತ್ರಕಲೆಯ ಡಿಗ್ರಿ, ಅದರಲ್ಲೂ ಅಪ್ಲೈಡ್ ಆರ್ಟ್ (ಜಾಹೀರಾತು, ಪುಸ್ತಕ ಇತ್ಯಾದಿಗೆ ಬೇಕಾದ ಕಲೆ), ಅನಿಮೇಷನ್‌ಗೆ ಬೇಕಾದ ಅಡಿಪಾಯ. ನಾಗಪುರದಲ್ಲಿ, ಸಂಭಾಜಿನಗರದಲ್ಲಿ (ಹಿಂದಿನ ಔರಂಗಾಬಾದ್) ಸರ್ಕಾರಿ ಚಿತ್ರಕಲಾ ಕಾಲೇಜುಗಳಿವೆ. ಗೋವಾದವರಿಗೆ ಪಣಜಿಯ ಆಲ್ತಿನೊ ಗುಡ್ಡದ ಮೇಲೆ ಗೋವಾ ಕಾಲೇಜ್ ಆಫ್ ಆರ್ಟ್ ಇದೆ. ಪುಣೆಯಲ್ಲಿ ಅಭಿನವ ಕಲಾ ಮಹಾವಿದ್ಯಾಲಯ ಹಳೆಯ ಹೆಸರು. ಅನಿಮೇಷನ್ ಅಂತಲೇ ಬೇಕು ಅಂದರೆ ಪುಣೆ ವಿಶ್ವವಿದ್ಯಾಲಯದ ಅಡಿಯಲ್ಲಿ ಮೂರು ವರ್ಷದ ಬಿ.ಎಸ್ಸಿ. ಅನಿಮೇಷನ್ ಇದೆ, ಖಾಸಗಿ ಡಿಸೈನ್ ಕಾಲೇಜುಗಳ ಎದುರು ಫೀಸ್ ಜಾಸ್ತಿ ಅಲ್ಲ. ಆದರೆ ಸೇರುವ ಮುಂಚೆ ಒಮ್ಮೆ ಹೋಗಿ ಮೂರನೇ ವರ್ಷದವರ ಕೆಲಸ ತೋರಿಸಿ ಅಂತ ಕೇಳಿ. ತೋರಿಸಲು ಹಿಂದೆ ಮುಂದೆ ನೋಡಿದರೆ ಅಲ್ಲಿಂದಲೇ ವಾಪಸ್ ಬನ್ನಿ.

ನನ್ನ ಮಟ್ಟಿಗೆ ಬಡವರ ಮನೆಯ ಹುಡುಗನಿಗೆ ಇರುವ ಅತಿ ಒಳ್ಳೆಯ ದಾರಿ ಇದು: ಸರ್ಕಾರಿ ಕಾಲೇಜಿನಲ್ಲಿ ಬಿಎಫ್‌ಎ, ಆಮೇಲೆ ಸೀಡ್ (CEED) ಅನ್ನೋ ಡಿಸೈನ್ ಪ್ರವೇಶ ಪರೀಕ್ಷೆ ಬರೆದು ಪವಾಯಿಯ ಐಐಟಿಯಲ್ಲಿರುವ ಡಿಸೈನ್ ಶಾಲೆ ಐಡಿಸಿಗೆ. ಅಲ್ಲಿ ಅನಿಮೇಷನ್‌ನಲ್ಲೇ ಎಂ.ಡೆಸ್., ಅಂದರೆ ಡಿಸೈನಿನ ಮಾಸ್ಟರ್ ಡಿಗ್ರಿ ಇದೆ. ಐಐಟಿ ಅಂದ ಕೂಡಲೇ ಗಣಿತ, ಜೆಇಇ ಅಂತ ಹೆದರುತ್ತಾರೆ. ಇದಕ್ಕೆ ಜೆಇಇ ಬೇಕಿಲ್ಲ. ಹನ್ನೆರಡನೆಯದು ಮುಗಿಸಿ ಡಿಸೈನ್ ಡಿಗ್ರಿಗೆ ಬರೆಯುವ ಯುಸೀಡ್‌ಗೂ (UCEED) ಆರ್ಟ್ಸ್, ಕಾಮರ್ಸ್ ಯಾವುದಾದರೂ ನಡೆಯುತ್ತದೆ. ಪರೀಕ್ಷೆಯಲ್ಲಿ ಚಿತ್ರವನ್ನೂ ಬಿಡಿಸಬೇಕು. ಅಹಮದಾಬಾದಿನ ಡಿಸೈನ್ ಸಂಸ್ಥೆ ಎನ್‌ಐಡಿ ಬಗ್ಗೆ ಎಲ್ಲರೂ ಕೇಳುತ್ತಾರೆ. ಬಹಳ ಒಳ್ಳೆಯ ಜಾಗ, ಅಗ್ಗದ ಜಾಗ ಅಲ್ಲ.

ಜೆ.ಜೆ. ಸಿಗದಿದ್ದರೆ ಅಳುತ್ತಾ ಕೂರಬೇಕಾಗಿಲ್ಲ. ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣ್ ಅವರಿಗೇ ಜೆ.ಜೆ. ಸೀಟು ಕೊಟ್ಟಿರಲಿಲ್ಲ, ಮಹಾರಾಜ ಕಾಲೇಜಿನಲ್ಲಿ ಬಿ.ಎ. ಮಾಡಿದರು. ಆಮೇಲೆ ಮುಂಬೈಗೇ ಬಂದು ಏನು ಮಾಡಿದರು ಅಂತ ನಾನು ಹೇಳಬೇಕಾ?

ನಮ್ಮವರಿಗೆ ಮಾತ್ರ ಅನ್ವಯಿಸುವ ಒಂದು ಫಜೀತಿ ಇದೆ. ಮಕ್ಕಳನ್ನು ಹತ್ತನೆಯದು ಮುಗಿದ ಮೇಲೆ ಉಡುಪಿಗೋ ಮಂಗಳೂರಿಗೋ ಪಿಯುಸಿಗೆ ಕಳಿಸುತ್ತೇವೆ, ಅಜ್ಜಿ ಮನೆ ಇದೆ ಅಂತ. ಮಹಾರಾಷ್ಟ್ರದ ಸರ್ಕಾರಿ ಸೀಟಿಗೆ ಹತ್ತು, ಹನ್ನೆರಡು ಎರಡೂ ಇಲ್ಲೇ ಓದಿ ಡೊಮಿಸೈಲ್ (ಈ ರಾಜ್ಯದ ನಿವಾಸಿ ಅನ್ನೋ ಪ್ರಮಾಣಪತ್ರ) ಇದ್ದರೆ ದಾರಿ ಸಲೀಸು. ಊರಿನಲ್ಲಿ ಪಿಯುಸಿ ಆಗಿದ್ದರೆ ಬೇರೆ ಕೆಟಗರಿ, ಬೇರೆ ಕಾಗದಪತ್ರ. ಊರಿನ ತಹಶೀಲ್ದಾರರು ಕೊಟ್ಟ ಜಾತಿ ಪ್ರಮಾಣಪತ್ರ ಇಲ್ಲಿನ ಮೀಸಲಾತಿಗೆ ನಡೆಯುವುದಿಲ್ಲ. ಡೊಮಿಸೈಲ್‌ಗೆ 15 ವರ್ಷ ಇಲ್ಲಿದ್ದ ಪುರಾವೆ ಕೇಳುತ್ತಾರೆ. ಸಿಇಟಿ ಫಾರ್ಮ್ ಬಂದ ಮೇಲೆ ಸರ್ಕಾರಿ ಪ್ರಮಾಣಪತ್ರಕ್ಕೆ ಅರ್ಜಿ ಹಾಕುವ ಸೇತು ಕೇಂದ್ರದ ಕ್ಯೂನಲ್ಲಿ ನಿಲ್ಲಬೇಡಿ, ಹನ್ನೊಂದನೇ ಕ್ಲಾಸಿನಲ್ಲೇ ಈ ಕಾಗದ ಮಾಡಿಸಿಡಿ.

ಉಳಿದ ದುಡ್ಡಿನಲ್ಲಿ ಕಂಪ್ಯೂಟರ್ ಕೊಡಿಸಿ. ಲ್ಯಾಮಿಂಗ್ಟನ್ ರೋಡಿನಲ್ಲಿ ಒಂದು ಲಕ್ಷದ ಆಸುಪಾಸಿಗೆ ಗ್ರಾಫಿಕ್ಸ್ ಕಾರ್ಡ್ ಇರುವ ಒಳ್ಳೆಯ ಮಶಿನ್ ಜೋಡಿಸಿಕೊಡುತ್ತಾರೆ. ಪೆನ್ ಟ್ಯಾಬ್ಲೆಟ್ ಕೆಲವು ಸಾವಿರಕ್ಕೆ ಬರುತ್ತದೆ. 3ಡಿಗೆ ಬ್ಲೆಂಡರ್ ಪುಕ್ಕಟೆ, ಚಿತ್ರ ಬಿಡಿಸಲು ಕ್ರಿಟಾ ಪುಕ್ಕಟೆ, 2ಡಿ ಅನಿಮೇಷನ್‌ಗೆ ಓಪನ್‌ಟೂನ್ಸ್ ಪುಕ್ಕಟೆ. ಪುಕ್ಕಟೆ ಅಂದರೆ ಕಳಪೆ ಅಂದುಕೊಳ್ಳಬೇಡಿ. 2025ರಲ್ಲಿ ಆಸ್ಕರ್ ಗೆದ್ದ 'ಫ್ಲೋ' ಅನ್ನೋ ಲಾಟ್ವಿಯಾದ ಚಿತ್ರ ಮಾಡಿದ್ದು ಬ್ಲೆಂಡರ್‌ನಲ್ಲೇ. ಕಾಲೇಜಿನ ಐಡಿ ಇದ್ದರೆ ಮಾಯಾ ಕೂಡ ವಿದ್ಯಾರ್ಥಿಗಳಿಗೆ ಉಚಿತ. ಇದೆಲ್ಲ ಪುಕ್ಕಟೆ ಇರುವಾಗ ಸಾಫ್ಟ್‌ವೇರ್ ಕಲಿಸೋಕೆ ಮೂರು ಲಕ್ಷ ತಗೊಳ್ಳೋದು ಯಾವ ನ್ಯಾಯ ಸ್ವಾಮಿ?

ಒಂದು ತಮಾಷೆ ನೋಡಿ. ಈ ದೇಶದಲ್ಲಿ ಅನಿಮೇಷನ್ ಕಲಿಸಲು ಶುರು ಮಾಡಿದಾಗ ಕಲಿಯುವವರಿಗೇ ಸಂಬಳ ಇತ್ತು. 1956ರಲ್ಲಿ ಡಿಸ್ನಿಯ ಕ್ಲೇರ್ ವೀಕ್ಸ್ ಇಲ್ಲಿಗೆ ಬಂದು ಸರ್ಕಾರದ ಚಿತ್ರ ಸಂಸ್ಥೆ ಫಿಲ್ಮ್ಸ್ ಡಿವಿಷನ್ನಿನ ನೌಕರರಿಗೆ ತರಬೇತಿ ಕೊಟ್ಟರು. ನಮ್ಮ ದೇಶದ ಅನಿಮೇಷನ್ನಿನ ಹಿರಿಯ ರಾಮ್ ಮೋಹನ್ ಕೈ ಪಳಗಿಸಿಕೊಂಡದ್ದು ಅಲ್ಲೇ. ಪೆಡ್ಡರ್ ರೋಡಿನ ಫಿಲ್ಮ್ಸ್ ಡಿವಿಷನ್ ಆವರಣದಲ್ಲಿ 2025ರ ಜುಲೈನಲ್ಲಿ ಐಐಸಿಟಿ (ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಕ್ರಿಯೇಟಿವ್ ಟೆಕ್ನಾಲಜೀಸ್) ಅನ್ನೋ ಹೊಸ ರಾಷ್ಟ್ರೀಯ ಸಂಸ್ಥೆ ಶುರುವಾಗಿದೆ. ಅಲ್ಲಿ ಸೇರಿಸಬಹುದಾ ಅಂತ ಈಗಾಗಲೇ ಕೇಳುತ್ತಿದ್ದಾರೆ. ಮೊದಲ ಬ್ಯಾಚಿನ ಮಕ್ಕಳ ಕೆಲಸ ಹೊರಗೆ ಬರಲಿ, ಆಮೇಲೆ ನೋಡೋಣ.

ಕೆಲಸದ ಬಗ್ಗೆಯೂ ನಿಜ ಹೇಳಿಬಿಡುತ್ತೇನೆ. "ನೂರಕ್ಕೆ ನೂರು ಪ್ಲೇಸ್‌ಮೆಂಟ್" ಅಂದರೆ ಹೆಚ್ಚಾಗಿ ರೋಟೊ. ನಟನ ಅಂಚನ್ನು ಫ್ರೇಮ್ ಫ್ರೇಮಿಗೂ ಗೆರೆ ಎಳೆದು ಬಿಡಿಸುವ ಕೆಲಸ. ಸೆಕೆಂಡಿಗೆ 24 ಫ್ರೇಮ್, ಐದು ಸೆಕೆಂಡಿನ ಶಾಟ್ ಅಂದರೆ 120. ಸಂಬಳ ಕಡಿಮೆ, ಮಲಾಡಿನಲ್ಲಿ ಪಿಜಿ ಬಾಡಿಗೆ ಕಟ್ಟಿದರೆ ಉಳಿಯುವುದು ಲೋಕಲ್ ಪಾಸಿಗೆ. ಅದರ ಮೇಲೆ ಸಾಲದ ಕಂತು ಇದ್ದರೆ? 2025ರ ಆರಂಭದಲ್ಲಿ ಟೆಕ್ನಿಕಲರ್ ಅನ್ನೋ ದೊಡ್ಡ ವಿದೇಶಿ ಎಫೆಕ್ಟ್ಸ್ ಮತ್ತು ಅನಿಮೇಷನ್ ಕಂಪನಿ ಬಾಗಿಲು ಮುಚ್ಚಿದಾಗ ಬೆಂಗಳೂರಿನಲ್ಲಿ, ಮುಂಬೈಯಲ್ಲಿ ಅನುಭವ ಇದ್ದವರೇ ಬೀದಿಗೆ ಬಿದ್ದರು. ಸಾಲ ಇಲ್ಲದವರು ಸ್ವಲ್ಪ ಕಾಲ ತಡೆದು ಬೇರೆ ಕಡೆ ಸೇರಿಕೊಂಡರು. ಚೆನ್ನಾಗಿ ಚಿತ್ರ ಬರೆಯುವವರು ಪುಸ್ತಕಕ್ಕೆ, ಜಾಹೀರಾತಿಗೆ, ಸ್ಟೋರಿಬೋರ್ಡಿಗೆ ತಿರುಗಿಕೊಂಡರು. ಒಂದೇ ಸಾಫ್ಟ್‌ವೇರಿನ ಬಟನ್ ಮಾತ್ರ ಗೊತ್ತಿದ್ದವರಿಗೆ ಜಾಸ್ತಿ ಕಷ್ಟವಾಯಿತು. ನಾನು ಬಿಎಫ್‌ಎ ಬಿಎಫ್‌ಎ ಅಂತ ಬಡಕೊಳ್ಳುವುದು ಇದಕ್ಕೇ.

ಮಕ್ಕಳ ಚಿತ್ರ ನೋಡಿ ಹೇಳಿ ಅನ್ನುವವರು ಧಾರಾಳವಾಗಿ ಕಳಿಸಿ, ಸ್ಟುಡಿಯೋಗೆ ಹೋಗುವ ಲೋಕಲ್‌ನಲ್ಲಿ ನೋಡುತ್ತೇನೆ. ಆದರೆ ಅನಿಮೆ ಮುಖಗಳ ಕಾಪಿ ಬೇಡ, ಅದು ನೂರಾರು ಬರುತ್ತವೆ. ಭಾಯಖಳದ ರಾಣಿಬಾಗಿಗೆ ಹೋಗಿ ಪ್ರಾಣಿಗಳ ಸ್ಕೆಚ್ ಮಾಡಲಿ. ಇಲ್ಲ, ದಾದರ್ ಬ್ರಿಜ್ ಮೇಲೆ ಸಂಜೆ ಆರಕ್ಕೆ ನಿಂತು ಓಡುವ ಜನರನ್ನು ಬರೆಯಲಿ. ಪೆನ್ಸಿಲ್ಲಿನಲ್ಲಿ, ರಬ್ಬರ್ ಇಲ್ಲದೆ.